ಮಾರೇಡುಪಲ್ಲಿಯ ಶೆಡ್ಡಿನ ದೋಣಿ

ಸಿಕಂದರಾಬಾದ್

ಪ್ರಿಯ ಗೆಳೆಯರೇ,

ನೀವು ಕಾಯುತ್ತಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದೋಣಿಯನ್ನು ಗುಜರಿಯವನಿಗೆ ಕೊಡಬೇಡಿ, ಅದು ಇನ್ನೂ ನೀರಿಗಿಳಿಯಬಲ್ಲದು. ಎಂಜಿನ್ನಿಗೂ ಜೀವ ಇದೆ. ಆದರೆ ಆ ಎಂಜಿನ್ನನ್ನು ಅದೇ ದೋಣಿಗೆ ಕಟ್ಟಿ ಮತ್ತೆ ಈ ಊರಿನ ನೀರಿಗೆ ಬಿಡುವುದು ಬೇಡ ಅಂತ ನನಗೆ ಅನ್ನಿಸಿದೆ. ನಿಮ್ಮ ತಂದೆಯವರ ಕೈಯಲ್ಲಿ ಎರಡೂ ಒಂದಾಗಿ ಓಡಿದ್ದವು, ಹಾಗಾಗಿ ನೀವು ಅವನ್ನು ಒಂದೇ ಪ್ರಶ್ನೆಯಾಗಿ ಕೇಳಿದ್ದೀರಿ. ನೋಡಿ ಬಂದ ಮೇಲೆ ನನಗೆ ಅವು ಎರಡು ಪ್ರಶ್ನೆಗಳಾಗಿ ಕಾಣುತ್ತಿವೆ. ಯಾಕೆ ಅನ್ನುವುದನ್ನು ಸಾವಕಾಶವಾಗಿ ಬರೆಯುತ್ತೇನೆ. ಕಾಗದ ಉದ್ದವಾದೀತು, ಬೇಸರಿಸಬೇಡಿ.

ನಿಮ್ಮ ಭಾವಮೈದುನರು ಕೀಲಿಕೈ ತಂದುಕೊಟ್ಟರು. ಮಾರೇಡುಪಲ್ಲಿಯ ನಿಮ್ಮ ಮನೆ ಕೊಂಡವರು ತಿಂಗಳ ಕೊನೆಯೊಳಗೆ ಶೆಡ್ ಖಾಲಿ ಮಾಡಿಕೊಡಿ ಅನ್ನುತ್ತಿದ್ದಾರಂತೆ. ಬೀಗ ತೆಗೆದಾಗ ಮೊದಲು ಕಂಡದ್ದು ಹಳೆಯ ದಿನಪತ್ರಿಕೆಗಳ ಗಂಟು, ಕೂಲರಿನ ಚೌಕಟ್ಟು, ಅದರ ಹಿಂದೆ ತಾಡಪತ್ರಿ ಹೊದ್ದ ದೋಣಿ. ಫೈಬರಿನ ಒಡಲು, ಉದ್ದ 14 ಅಡಿ. ಟ್ರೇಲರ್ ಮೇಲೆಯೇ ಇದೆ. ಟ್ರೇಲರಿನ ಟೈರುಗಳು ಸತ್ತಿವೆ, ಬೇರಿಂಗ್ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಅದು ಅರ್ಧ ದಿನದ ಕೆಲಸ, ಬಿಡಿ. ತಾಡಪತ್ರಿ ಎಡಗಡೆ ಹರಿದಿದೆ. ಅಲ್ಲಿ ಕಿಟಕಿಯಿಂದ ಬಿಸಿಲು ಬೀಳುತ್ತದೆ. ಬಿಸಿಲು ಬಿದ್ದ ಕಡೆ ನೀಲಿ ಬಣ್ಣ ಸುಣ್ಣದ ಹಾಗೆ ಕೈಗೆ ಹತ್ತುತ್ತದೆ. ಫೈಬರಿನ ಮೇಲ್ಪದರ, ಅಂದರೆ ಜೆಲ್‌ಕೋಟ್, ಹೈದರಾಬಾದಿನ ಬೇಸಿಗೆಗೆ ಹಾಗೇ ಪುಡಿಯಾಗುತ್ತದೆ. ನೋಡಲು ಬೇಸರವಾಗುತ್ತದೆ, ನಿಜ. ಆದರೂ ಅದು ಚರ್ಮದ ಮೇಲಿನ ರೋಗ. ಉಜ್ಜಿ ಬಣ್ಣ ಹೊಡೆದರೆ ಹೋಗುತ್ತದೆ.

ದೋಣಿಯ ಹಣೆಬರಹ ಇರುವುದು ಹಿಂಭಾಗದಲ್ಲಿ. ಎಂಜಿನ್ ನೇತುಹಾಕುವ ಹಿಂಬದಿಯ ಹಲಗೆಗೆ ಟ್ರಾನ್ಸಂ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಅದೂ ಫೈಬರೇ. ಒಳಗೆ ಮಾತ್ರ ಪ್ಲೈವುಡ್ ಇರುತ್ತದೆ, ಬರೀ ಫೈಬರ್ ಅಷ್ಟು ಎಳೆತ ತಡೆಯುವುದಿಲ್ಲ. ಫೈಬರ್ ಕೊಳೆಯುವುದಿಲ್ಲ, ಮರ ಕೊಳೆಯುತ್ತದೆ. ಎಂಜಿನ್ ಬಿಗಿಯುವ ಬೋಲ್ಟಿನ ತೂತಿಗೆ ಸೀಲಂಟ್ ಸರಿಯಾಗಿ ತುಂಬದೇ ಹೋದರೆ ಹನಿಹನಿಯಾಗಿ ನೀರು ಒಳಗಿಳಿಯುತ್ತದೆ. ಎರಡು ಕಡೆಯೂ ರೆಸಿನ್ ಮುಚ್ಚಿರುವುದರಿಂದ ಒಳಗೆ ಹೋದ ನೀರಿಗೆ ಹೊರಬರುವ ದಾರಿ ಇಲ್ಲ. ಹೊರಗಿಂದ ಏನೂ ಕಾಣದ ಹಾಗೆ ಮರ ವರ್ಷಗಟ್ಟಲೆ ಮೆತ್ತಗಾಗುತ್ತಾ ಹೋಗುತ್ತದೆ. ಒಂದು ದಿನ ಪೂರ್ತಿ ಜೋರಿಗೆ ಕೊಟ್ಟಾಗ ಎಂಜಿನ್ ಬೋಲ್ಟಿನ ಸಮೇತ ಕಿತ್ತುಕೊಂಡು ಬರುತ್ತದೆ. ಗಂಗೊಳ್ಳಿಯ ಬಂದರಿನಲ್ಲಿ ನಾನು ಹುಡುಗನಾಗಿದ್ದಾಗ ಹಳೆ ದೋಣಿ ಕೊಳ್ಳಲು ಬಂದವರು ಬೇರೆ ಯಾವುದನ್ನೂ ನೋಡುವ ಮೊದಲು ಹಿಂದಕ್ಕೆ ಹೋಗಿ ಬೆರಳಗಂಟಿನಿಂದ ಬಡಿಯುತ್ತಿದ್ದರು.

ನಾನೂ ಅದನ್ನೇ ಮಾಡಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಅಂಗುಲ ಅಂಗುಲಕ್ಕೂ ಬಡಿದೆ. ಬಲಗಡೆ, ನಡುವೆ, ಕೆಳಗೆ ಎಲ್ಲಾ ಕಡೆ ಗಟ್ಟಿಯಾಗಿ ಟಕ್ ಟಕ್. ಎಡಗಡೆಯ ಮೇಲಿನ ಬೋಲ್ಟಿನ ಸುತ್ತ ಎರಡು ಅಂಗೈ ಅಗಲದಷ್ಟು ಜಾಗದಲ್ಲಿ ಸದ್ದು ಬದಲಾಯಿತು, ಒದ್ದೆ ಹಲಗೆಗೆ ಬಡಿದಂತೆ ಡಬ್ ಡಬ್. ಒಳಗಿನ ಕಡೆಯಿಂದ ಅಲ್ಲೊಂದು ಸಣ್ಣ ತೂತು ಕೊರೆದು ನೋಡಿದೆ (ನಿಮ್ಮನ್ನು ಕೇಳದೆ ಕೊರೆದೆ, ಮುಚ್ಚಲು ಎರಡು ಚಮಚ ಎಪಾಕ್ಸಿ ಸಾಕು). ಡ್ರಿಲ್ಲಿನ ಬಾಯಿಗೆ ಬಂದ ಮರದ ಪುಡಿ ಕಾಫಿಯ ಚರಟದ ಬಣ್ಣದ್ದು, ಹಿಂಡಿದರೆ ಬೆರಳು ಒದ್ದೆ. ಒಂದು ಗೇಣು ಆಚೆ ಇನ್ನೊಂದು ತೂತು ಕೊರೆದಾಗ ಒಣಗಿದ ಬಿಳಿ ಪುಡಿ ಬಂತು. ಅಂದರೆ ಕೊಳೆತ ಹರಡಿಲ್ಲ. ಇದಕ್ಕೆ ನಿಮ್ಮ ತಂದೆಯವರ ಒಂದು ಅಭ್ಯಾಸವೇ ಕಾರಣ. ಅವರು ದೋಣಿಯ ಮೂತಿಯನ್ನು ಇಟ್ಟಿಗೆ ಕೊಟ್ಟು ಎತ್ತರಿಸಿ, ಹಿಂದಿನ ತೂಬಿನ ಬಿರಡೆ ತೆಗೆದು ಇಟ್ಟಿದ್ದರು. ಶೆಡ್ಡಿನ ತಗಡು ಸೋರಿದ ನೀರೆಲ್ಲ ನಿಲ್ಲದೆ ಹರಿದುಹೋಗಿದೆ. ಆ ಬಿರಡೆಗೆ ದಾರ ಕಟ್ಟಿ ಸ್ಟಿಯರಿಂಗಿಗೆ ತೂಗುಹಾಕಿದ್ದಾರೆ, ಮರೆಯಬಾರದು ಅಂತ. ಅದು ಈಗಲೂ ಅಲ್ಲೇ ಇದೆ.

ರಿಪೇರಿ ಹೀಗೆ. ಒಳಗಿನ ಫೈಬರ್ ಪದರವನ್ನು ಆ ಭಾಗದಷ್ಟು ಕತ್ತರಿಸಿ ತೆಗೆಯಬೇಕು. ಕೊಳೆತ ಮರವನ್ನು ಉಳಿಯಿಂದ ಒಣ ಮರ ಸಿಗುವವರೆಗೂ ಕೆತ್ತಬೇಕು. ಒಂದು ವಾರ ಬಲ್ಬ್ ಹಚ್ಚಿಟ್ಟು ಒಣಗಿಸಬೇಕು, ಇಲ್ಲಿ ಅವಸರ ಮಾಡಿದವರು ಎರಡೇ ವರ್ಷಕ್ಕೆ ಮತ್ತೆ ಅದೇ ಕೆಲಸ ಮಾಡುತ್ತಾರೆ. ಆಮೇಲೆ ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ ತುಂಡನ್ನು ಎಪಾಕ್ಸಿಯಲ್ಲಿ ಕೂರಿಸಿ, ಮೇಲೆ ಗ್ಲಾಸ್ ಮ್ಯಾಟ್ ಪದರಗಳನ್ನು ಪ್ರತಿಯೊಂದನ್ನೂ ಮೊದಲಿನದಕ್ಕಿಂತ ಎರಡು ಅಂಗುಲ ಹೆಚ್ಚು ಅಗಲವಾಗಿ ಹಾಸಬೇಕು. ರೆಸಿನ್, ಮ್ಯಾಟ್ ಎಲ್ಲಾ ರಾಣಿಗಂಜಿನಲ್ಲಿ ಸಿಗುತ್ತವೆ. ಬಸ್ಸಿನ ಬಂಪರ್, ನೀರಿನ ಟ್ಯಾಂಕ್ ಮಾಡುವ ಫೈಬರ್ ಕೆಲಸಗಾರರು ಇಲ್ಲಿ ಬೇಕಾದಷ್ಟು ಇದ್ದಾರೆ. ದೋಣಿ ಮಾಡಿ ಗೊತ್ತಿಲ್ಲದಿದ್ದರೂ ಪಕ್ಕದಲ್ಲಿ ನಿಂತು ಹೇಳಿದರೆ ಮಾಡುತ್ತಾರೆ, ನಾನು ನಿಲ್ಲುತ್ತೇನೆ. ತೊಳೆಯುವುದು, ಬಣ್ಣ ಹೊಡೆಯುವುದು ಇವೆಲ್ಲ ಆಮೇಲಿನ ಮಾತು.

ಇನ್ನು ಎಂಜಿನ್. ಶೆಡ್ಡಿನ ಮೂಲೆಯಲ್ಲಿ ಮರದ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿದೆ. ಔಟ್‌ಬೋರ್ಡ್ ಎಂಜಿನ್ನನ್ನು ಮಲಗಿಸಿ ಇಟ್ಟರೆ ಕೆಳಗಿನ ಕಾಲಿನಲ್ಲಿ ಉಳಿದ ನೀರು ಸಿಲಿಂಡರಿಗೆ ಹರಿಯುವ ಸಾಧ್ಯತೆ ಇರುತ್ತದೆ. ನಿಮ್ಮ ತಂದೆಯವರಿಗೆ ಇದೂ ಗೊತ್ತಿತ್ತು. ಜಾನ್ಸನ್, 25 ಕುದುರೆಶಕ್ತಿ, ಎರಡು ಸಿಲಿಂಡರ್, ಎರಡು ಸ್ಟ್ರೋಕ್. ಯಾವ ವರ್ಷದ್ದು ಅಂತ ನೀವು ಕೇಳಿದ್ದಿರಿ. ಅದಕ್ಕೊಂದು ಚೆಂದದ ಗುಟ್ಟಿದೆ. 1980ರಿಂದ ಈಚೆಗೆ ಈ ಕಂಪನಿ ವರ್ಷವನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯುತ್ತಿತ್ತು. 'ಇಂಟ್ರೊಡ್ಯೂಸಸ್' ಅನ್ನುವ ಇಂಗ್ಲಿಷ್ ಪದದ ಹತ್ತು ಅಕ್ಷರಗಳಿಗೆ ಕ್ರಮವಾಗಿ 1ರಿಂದ 9, ಕೊನೆಯದಕ್ಕೆ ಸೊನ್ನೆ. ಹಿಡಿಕೆಯ ಬಳಿಯ ತಗಡಿನ ಫಲಕವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಾಗ ಮಾದರಿ ಸಂಖ್ಯೆಯ ಕೊನೆಯ ಹತ್ತಿರ ಸಿ ಮತ್ತು ಓ ಕಂಡವು. ಸಿ ಅಂದರೆ 8, ಓ ಅಂದರೆ 5. ನಿಮ್ಮ ಎಂಜಿನ್ 1985ರದ್ದು.

ಮಲ್ಪೆಯಲ್ಲಿ ನನಗೆ ಪರಿಚಯದ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಊರು ಕುಂದಾಪುರದ ಕಡೆಯದು. ಅವರಿಗೆ ಶೆಡ್ಡಿನಿಂದಲೇ ಫೋನ್ ಮಾಡಿದೆ. "ಹ್ವಾಯ್, ಮೇಲಿನ ಬಣ್ಣ ಕಾಂಬುದ್ ಬ್ಯಾಡ, ಫ್ಲೈವೀಲ್ ಕೈಯಂಗೆ ತಿರ್ಗ್ಸಿ ಕಾಣಿ" ಅಂದರು. ತಿರುಗಿತು. ಮೊದಲು ಬಿಗಿ, ಆಮೇಲೆ ಸಡಿಲ. ಪ್ಲಗ್ ಬಿಚ್ಚಿ ಎರಡೂ ಸಿಲಿಂಡರಿಗೆ ತುಸು ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ ಅಂದರು, ಬಿಟ್ಟೆ. ಮರುದಿನ ಗೇಜ್ ಹಾಕಿ ಹಗ್ಗ ಎಳೆದಾಗ ಮೇಲಿನದರಲ್ಲಿ 105 ಪೌಂಡ್ ಒತ್ತಡ, ಕೆಳಗಿನದರಲ್ಲಿ 100. ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ಎರಡರ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಂತರ ಇರಬಾರದು ಅನ್ನುವುದೇ ಮುಖ್ಯ. ಇದು ಪಾಸು. ಪಿಸ್ಟನ್ ರಿಂಗ್ ಅಂಟಿಕೊಂಡಿಲ್ಲ, ಸಿಲಿಂಡರಿನ ಗೋಡೆ ಗೀರಿಲ್ಲ. ಪ್ಲಗ್ಗಿನಲ್ಲಿ ನೀಲಿ ಕಿಡಿ ಬಂತು, ಎರಡರಲ್ಲೂ. ಅದನ್ನು ನೋಡಿ ನಿಮ್ಮ ಭಾವಮೈದುನರು ಚಪ್ಪಾಳೆ ತಟ್ಟಿಬಿಟ್ಟರು.

ಗೇರಿನ ಎಣ್ಣೆ ಮಾತ್ರ ಹಾಲುಬಿಳಿ ಬಂತು. ಪ್ರೊಪೆಲ್ಲರ್ ದಂಡದ ಸೀಲ್ ಸವೆದು ನೀರು ಒಳಗೆ ಹೋಗಿದೆ ಅಂತ ಅರ್ಥ. ಸೀಲ್ ಹಾಕಿದರೆ ಸರಿಹೋಗುತ್ತದೆ, ಆದರೆ ಒಳಗಿನ ಬೇರಿಂಗ್ ಬಿಚ್ಚಿ ನೋಡದೆ ಏನೂ ಹೇಳುವ ಹಾಗಿಲ್ಲ. ನೀರಿನ ಪಂಪಿನ ಇಂಪೆಲ್ಲರ್ ರಬ್ಬರಿನದು. ಕೆರೆಯ ನೀರನ್ನು ಮೇಲಕ್ಕೆ ಎಳೆದು ಎಂಜಿನ್ನನ್ನು ತಂಪಾಗಿಡುವುದು ಅದೇ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಕೂತು ಅದರ ರೆಕ್ಕೆಗಳು ಒಂದೇ ಕಡೆಗೆ ಮಡಿಚಿಕೊಂಡು ಗಟ್ಟಿಯಾಗಿವೆ. ಇದನ್ನು ಬದಲಾಯಿಸದೆ ಯಾರಾದರೂ ಉತ್ಸಾಹಕ್ಕೆ ಸ್ಟಾರ್ಟ್ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಒಳ್ಳೆಯ ಸಿಲಿಂಡರು ಕೆಟ್ಟುಹೋಗುತ್ತದೆ. ದಯವಿಟ್ಟು ನಿಮ್ಮ ಮನೆಯವರಿಗೆಲ್ಲ ಹೇಳಿ, ನೀರಿನ ಡ್ರಮ್ಮಿನಲ್ಲಿ ಕಾಲು ಮುಳುಗಿಸದೆ ಹಗ್ಗ ಎಳೆಯಬಾರದು.

ಬಿಡಿಭಾಗಗಳ ಕಥೆ ಸ್ವಲ್ಪ ಬೇಸರದ್ದು. ಹೊರಗೆ ಕಟ್ಟುವ ಎಂಜಿನ್ನನ್ನು ವ್ಯಾಪಾರವಾಗಿ ಬೆಳೆಸಿದವರಲ್ಲಿ ಮೊದಲಿಗರು ನಾರ್ವೆ ಮೂಲದ ಓಲೆ ಎವಿನ್‌ರೂಡ್. ಅಮೆರಿಕದ ಮಿಲ್ವಾಕಿಯಲ್ಲಿ 1909ರಲ್ಲಿ ಶುರುಮಾಡಿದರು. ಜಾನ್ಸನ್ ಇನ್ನೊಂದು ಮನೆತನದ ಕಂಪನಿ. ಮುಂದೆ ಎರಡೂ ಒಂದೇ ಛತ್ರಿಯಡಿ ಬಂದವು. 2000ದಲ್ಲಿ ಆ ದೊಡ್ಡ ಕಂಪನಿ ದಿವಾಳಿಯಾಯಿತು, ಇನ್ನೊಬ್ಬರು ಕೊಂಡರು, ಜಾನ್ಸನ್ ಹೆಸರು ನಿಂತಿತು, 2020ರಲ್ಲಿ ಎವಿನ್‌ರೂಡ್ ತಯಾರಿಕೆಯನ್ನೂ ನಿಲ್ಲಿಸಿದರು. ಇಂಪೆಲ್ಲರ್, ಸೀಲು, ಕಾರ್ಬುರೇಟರ್ ಕಿಟ್ಟುಗಳನ್ನು ಬೇರೆ ಕಂಪನಿಗಳು ಈಗಲೂ ಮಾಡುತ್ತವೆ, ಹೊರದೇಶದಿಂದ ತರಿಸಬೇಕು. ನಮ್ಮ ಕರಾವಳಿಯ ನಾಡದೋಣಿಯವರು ಯಾಕೆ ಯಮಾಹಾ, ಸುಜುಕಿಗಳಿಗೆ ಅಂಟಿಕೊಂಡಿದ್ದಾರೆ ಅಂದರೆ ಇದಕ್ಕೇ. ಬಂದರಿನಲ್ಲಿ ಒಂದು ಸೀಲಿಗಾಗಿ ಎರಡು ವಾರ ಕಾಯುವ ಮೀನುಗಾರನಿಗೆ ಆ ಎರಡು ವಾರದ ಅನ್ನ ಹೋಗುತ್ತದೆ. ಅವರ ಎಂಜಿನ್ನುಗಳು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗುತ್ತವೆ. ಸಬ್ಸಿಡಿ ಸೀಮೆಎಣ್ಣೆ ಬಿಡುಗಡೆಯಾಗದ ತಿಂಗಳಲ್ಲಿ ದೋಣಿಗಳು ದಡ ಬಿಡುವುದಿಲ್ಲ. ಅಲ್ಲಿ ಎಂಜಿನ್ ಅಂದರೆ ಹೊಟ್ಟೆಪಾಡು. ನಿಮಗದು ನೆನಪಿನ ವಸ್ತು, ಕಾಯುವುದಕ್ಕೆ ತೊಂದರೆ ಇಲ್ಲ.

ಪೆಟ್ರೋಲಿನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಈಗ ನಮ್ಮ ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಔಟ್‌ಬೋರ್ಡ್ ತಯಾರಕರು ಸಾಮಾನ್ಯವಾಗಿ 10ಕ್ಕಿಂತ ಹೆಚ್ಚು ಬೇಡ ಅನ್ನುತ್ತಾರೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ತುಂಬಾ ದಿನ ನಿಂತರೆ ನೀರು ಸೇರಿದ ಎಥೆನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಎಂಜಿನ್ ಮೊದಲು ಹೀರುವುದು ಆ ತಳದ್ದನ್ನೇ. ಎರಡು ಸ್ಟ್ರೋಕ್ ಎಂಜಿನ್ನಿಗೆ ಇನ್ನೂ ಅಪಾಯ, ಯಾಕೆಂದರೆ ಅದರ ಒಳಭಾಗಕ್ಕೆ ಎಣ್ಣೆ ತಲುಪುವುದೇ ಪೆಟ್ರೋಲಿನ ಜೊತೆ ಬೆರೆತು, 50ಕ್ಕೆ 1ರ ಲೆಕ್ಕದಲ್ಲಿ. 1985ರ ರಬ್ಬರ್ ಪೈಪು, ಡಯಾಫ್ರಂಗಳನ್ನು ಈ ಇಂಧನಕ್ಕೆ ಮಾಡಿದ್ದಲ್ಲ. ಎಲ್ಲವನ್ನೂ ಹೊಸದಾಗಿ ಹಾಕಬೇಕು, ಓಡಿಸಿದ ದಿನವೇ ಟ್ಯಾಂಕ್ ಖಾಲಿ ಮಾಡಬೇಕು.

ಇಷ್ಟಾದರೂ ಎಂಜಿನ್ ಸರಿಮಾಡಬಹುದು. ಕೈಯಲ್ಲಿ ಆಗುವ ಕೆಲಸ. ಹಾಗಿದ್ದರೆ ದೋಣಿಗೆ ಯಾಕೆ ಕಟ್ಟಬಾರದು ಅಂತ ನೀವು ಕೇಳುತ್ತೀರಿ.

ಉತ್ತರಕ್ಕೆ ನೀರಿನ ಕಡೆ ಹೋಗಬೇಕು. ಪ್ಲಗ್ ಒಣಗಲು ಬಿಟ್ಟು ಹುಸೇನ್ ಸಾಗರದ ಟ್ಯಾಂಕ್‌ಬಂಡ್ ಕಡೆ ಒಂದು ಸುತ್ತು ಹೋಗಿ ಬಂದೆ. ಅಲ್ಲಿ ನಿಮ್ಮ ತಂದೆಯವರು ನೆನಪಾದರು. ಅವರು ಬೀದರ್, ಕಲಬುರಗಿ, ರಾಯಚೂರುಗಳೆಲ್ಲ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದಲ್ಲಿ ಓದಲು ಇಲ್ಲಿಗೆ ಬಂದವರು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಅವರ ಊರು ಆಚೆ ಹೋಯಿತು, ಅವರು ಇಲ್ಲೇ ಉಳಿದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಅವರನ್ನು ನಾನು ಕಂಡಾಗಲೆಲ್ಲ ಮಾತು ತಿರುಗಿ ತಿರುಗಿ ಒಬ್ಬರ ಹತ್ತಿರವೇ ಬರುತ್ತಿತ್ತು, ವಿಶ್ವೇಶ್ವರಯ್ಯನವರ ಹತ್ತಿರ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಈ ಊರನ್ನು ಕೊಚ್ಚಿಕೊಂಡು ಹೋಯಿತು, ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಸರ್ಕಾರ ಕರೆಸಿದ್ದು ಮುದ್ದೇನಹಳ್ಳಿಯ ಈ ಎಂಜಿನಿಯರನ್ನು. ಊರಿನ ಮೇಲ್ಭಾಗದಲ್ಲಿಯೇ ಪ್ರವಾಹವನ್ನು ಹಿಡಿದು ನಿಲ್ಲಿಸುವ ಎರಡು ಜಲಾಶಯ ಕಟ್ಟಿ ಅಂದರು ಅವರು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನೆರೆ ತಡೆಯಲು ಹುಟ್ಟಿದ ಕೆರೆಗಳೇ ಊರಿನ ಬಾಯಾರಿಕೆಯನ್ನೂ ತಣಿಸಿದವು. ಉಸ್ಮಾನ್ ಸಾಗರಕ್ಕೆ ಗಂಡಿಪೇಟೆ ಅನ್ನುವ ಇಲ್ಲಿನ ಹಳಬರು ಇವತ್ತಿಗೂ ಗಂಡಿಪೇಟೆ ನೀರು ಅಂದರೆ ಕಣ್ಣರಳಿಸುತ್ತಾರೆ.

ನಿಮ್ಮ ತಂದೆಯವರು ಎಂಜಿನ್ನನ್ನು ಎಷ್ಟು ಪ್ರೀತಿಸಿದರೂ ಗಂಡಿಪೇಟೆಗೆ ಒಯ್ಯುತ್ತಿರಲಿಲ್ಲ ಅಂತ ನೀವೇ ಬರೆದಿದ್ದೀರಿ. ಕುಡಿಯುವ ನೀರು ಅನ್ನುತ್ತಿದ್ದರಂತೆ. ನಾಗಾರ್ಜುನಸಾಗರದವರೆಗೂ ಟ್ರೇಲರ್ ಎಳೆದುಕೊಂಡು ಹೋಗುತ್ತಿದ್ದರಂತೆ. ಆ ಮಾತನ್ನು ಓದಿದ ಮೇಲೆ ನನಗೆ ನಿಮ್ಮ ಪ್ರಶ್ನೆಯ ಉತ್ತರ ಅರ್ಧ ಸಿಕ್ಕಿತು. ಅವರ ಕಾಲದಲ್ಲಿ ನಾಗಾರ್ಜುನಸಾಗರ ದೂರದ ನೀರು. ಈಗ ಅಲ್ಲಿಯ ಕೃಷ್ಣೆಯ ನೀರೂ ಹೈದರಾಬಾದಿನ ನಲ್ಲಿಯಲ್ಲಿ ಬರುತ್ತದೆ. ಬೀದರಿನ ಮಗ್ಗುಲಲ್ಲಿ ಹರಿದು ಬರುವ ಮಂಜೀರೆಯನ್ನೂ ಸಿಂಗೂರಿನಲ್ಲಿ ತಡೆದು ಇಲ್ಲಿಗೇ ತರುತ್ತಾರೆ. ಗೋದಾವರಿಯೂ ಕೊಳವೆಯಲ್ಲಿ ಬಂದಿದೆ. ಅವರ ನಿಯಮವನ್ನು ಇವತ್ತು ಪಾಲಿಸಹೊರಟರೆ ಸುತ್ತಮುತ್ತಲ ದೊಡ್ಡ ನೀರೆಲ್ಲವೂ ಕುಡಿಯುವ ನೀರೇ.

ಈ ಎಂಜಿನ್ನಿನ ಸ್ವಭಾವವನ್ನು ಬಚ್ಚಿಡುವುದು ಸರಿಯಲ್ಲ. ಕಾರ್ಬುರೇಟರ್ ಇರುವ ಹಳೆಯ ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಹೊಸ ಇಂಧನ ಒಳಗೆ ಬರುವುದೂ ಸುಟ್ಟ ಹೊಗೆ ಹೊರಗೆ ಹೋಗುವುದೂ ಒಂದೇ ಗಳಿಗೆಯಲ್ಲಿ ನಡೆಯುತ್ತವೆ, ಎರಡು ಬಾಗಿಲೂ ತೆರೆದೇ ಇರುತ್ತವೆ. ಆಗ ಹೊಗೆಯ ಜೊತೆ ಉರಿಯದ ಪೆಟ್ರೋಲು, ಎಣ್ಣೆ ಸಹ ಹೊರಬೀಳುತ್ತವೆ. ಹಾಕಿದ್ದರಲ್ಲಿ ಸುಮಾರು ಕಾಲು ಭಾಗ ಹೀಗೆ ಹೋಗುತ್ತದೆ. ಔಟ್‌ಬೋರ್ಡಿನ ಹೊಗೆಕೊಳವೆ ತೆರೆದುಕೊಳ್ಳುವುದು ನೀರಿನೊಳಗೆ. ನಾಲ್ಕು ಲೀಟರ್ ಹಾಕಿದರೆ ಒಂದು ಲೀಟರ್ ಕೆರೆಗೆ ಸುರಿದ ಹಾಗೆ. ಅಮೆರಿಕದ ಟಾಹೋ ಸರೋವರದಲ್ಲಿ ಇಂಥ ಎಂಜಿನ್ನುಗಳನ್ನು 1999ರಲ್ಲೇ ನಿಷೇಧಿಸಿದರು. ಬಾಲ್ಯದಲ್ಲಿ ಆ ಹೊಗೆಯ ವಾಸನೆ ಮೂಗಿಗೆ ಬಡಿದರೆ ರಜೆ ಬಂತು ಅನ್ನಿಸುತ್ತಿತ್ತು ಅಂತ ಬರೆದಿದ್ದೀರಿ. ನನಗೂ ಆ ವಾಸನೆ ಅಂದರೆ ಪ್ರಾಣ, ನಾನು ಬೆಳೆದದ್ದೇ ಅದರಲ್ಲಿ. ಆದರೂ ಗೊತ್ತಿದ್ದೂ ಅದನ್ನು ಕುಡಿಯುವ ನೀರಿಗೆ ಬಿಡಿ ಅಂತ ನಿಮಗೆ ನಾನು ಹೇಳಲಾರೆ.

ಹುಸೇನ್ ಸಾಗರ ಉಳಿಯಿತು. ಇಬ್ರಾಹಿಂ ಕುಲಿ ಕುತುಬ್ ಶಾ ಕಾಲದಲ್ಲಿ ಕಟ್ಟಿದ ಅದೂ ಒಂದು ಕಾಲಕ್ಕೆ ಕುಡಿಯುವ ನೀರಿನ ಕೆರೆಯೇ. ಈಗ ಕೂಕಟ್‌ಪಲ್ಲಿ ಕಡೆಯ ನಾಲೆ ಅದರೊಳಗೆ ಏನೇನು ತಂದು ಹಾಕಿದೆ ಅನ್ನುವುದು ನೆಕ್ಲೆಸ್ ರೋಡಿನಲ್ಲಿ ನಡೆದವರಿಗೆಲ್ಲ ಗೊತ್ತು. ಹೇಗೂ ಕೆಟ್ಟಿದೆ, ಇನ್ನೊಂದು ಲೀಟರ್ ಎಣ್ಣೆಯಿಂದ ಏನಾದೀತು ಅಂತ ಒಬ್ಬರು ಹೇಳಿದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕೆಟ್ಟದ್ದನ್ನು ಸರಿಮಾಡಲು ಸರ್ಕಾರ, ನ್ಯಾಯಾಲಯ, ಊರಿನ ಜನ ಇಷ್ಟು ವರ್ಷ ಗುದ್ದಾಡುತ್ತಿರುವ ಕೆರೆ ಅದು. ಎಂಜಿನ್ನಿಗೂ ಅದು ಒಳ್ಳೆಯ ನೀರಲ್ಲ. ತೇಲುವ ಪ್ಲಾಸ್ಟಿಕ್ ಚೀಲ ನೀರೆಳೆಯುವ ಜಾಲರಿಗೆ ಅಂಟಿದರೆ ಸಾಕು, ಎಂಜಿನ್ ಬಿಸಿಯೇರಿ ನಿಂತುಬಿಡುತ್ತದೆ. ಗಣೇಶ ವಿಸರ್ಜನೆಯ ಮರುದಿನಗಳಲ್ಲಿ ಕ್ರೇನುಗಳು ಕಬ್ಬಿಣದ ಚೌಕಟ್ಟುಗಳನ್ನು ರಾಶಿರಾಶಿ ಎತ್ತುತ್ತವೆ. ಎತ್ತದೆ ಉಳಿದ ಒಂದು ಸರಳಿಗೆ ಪ್ರೊಪೆಲ್ಲರ್ ತಗುಲಿದರೆ ಅದರೊಳಗಿನ ರಬ್ಬರ್ ಬುಷ್ ಜಾರಿಹೋಗುತ್ತದೆ, ಎಂಜಿನ್ ಅರಚುತ್ತಿರುತ್ತದೆ, ದೋಣಿ ಮುಂದೆ ಹೋಗುವುದಿಲ್ಲ.

ಆದರೆ ಅದೇ ಕೆರೆಯಲ್ಲಿ ನಾನು ಅವತ್ತು ನೋಡಿದ್ದು ಇನ್ನೊಂದಿದೆ, ನನ್ನ ಸಲಹೆಗೆ ಅದೇ ಆಧಾರ. ಗಾಳಿ ಚೆನ್ನಾಗಿತ್ತು. ಸಿಕಂದರಾಬಾದ್ ಸೇಲಿಂಗ್ ಕ್ಲಬ್ಬಿನ ಕಡೆಯಿಂದ ಹಾಯಿಗಳು ಹೊರಟಿದ್ದವು. ಸೈನ್ಯದ ಇಎಂಇ ಸೇಲಿಂಗ್ ಅಸೋಸಿಯೇಷನ್ನಿನವರು ಇಲ್ಲಿ ಹಳಬರು. 2009ರಲ್ಲಿ ಶುರುವಾದ ಯಾಟ್ ಕ್ಲಬ್ ಆಫ್ ಹೈದರಾಬಾದ್ ಬಡಮನೆಗಳ ಮಕ್ಕಳಿಗೆ ಹಾಯಿ ಕಲಿಸುತ್ತದೆ. ಸಮುದ್ರವೇ ಇಲ್ಲದ ಊರಿನ ಮಕ್ಕಳು ದೇಶದ ತಂಡಕ್ಕೆ ಆಯ್ಕೆಯಾಗಿದ್ದಾರೆ. ಎಂಟು ಹತ್ತು ವರ್ಷದ ಹುಡುಗಿಯೊಬ್ಬಳು ತನಗಿಂತ ಸ್ವಲ್ಪವೇ ದೊಡ್ಡದಾದ ಆಪ್ಟಿಮಿಸ್ಟ್ ದೋಣಿಯಲ್ಲಿ ಒಂದು ಕಡೆ ಪೂರ್ತಿ ಹೊರಕ್ಕೆ ಬಾಗಿ, ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಚುಕ್ಕಾಣಿ ತಿರುಗಿಸುತ್ತಿದ್ದಳು. ಒಂದು ಜೋರುಗಾಳಿಗೆ ದೋಣಿ ಮಗುಚಿತು. ನಿಮಿಷದೊಳಗೆ ರಕ್ಷಣಾ ದೋಣಿ ಅವಳ ಪಕ್ಕದಲ್ಲಿತ್ತು. ಅವಳು ಯಾರ ಕೈಯನ್ನೂ ಹಿಡಿಯದೆ ತನ್ನ ದೋಣಿಯನ್ನು ತಾನೇ ಮೇಲಕ್ಕೆ ತಿರುಗಿಸಿಕೊಂಡು ಹೊರಟಳು. ಆದರೂ ಪಕ್ಕದಲ್ಲಿ ಆ ಮೋಟರು ದೋಣಿ ಇದ್ದೇ ಇರಬೇಕು. ಎಷ್ಟು ಮಕ್ಕಳನ್ನು ಒಟ್ಟಿಗೆ ನೀರಿಗೆ ಬಿಡಬಹುದು ಅನ್ನುವುದು ಎಷ್ಟು ರಕ್ಷಣಾ ದೋಣಿಗಳಿವೆ ಅನ್ನುವುದರ ಮೇಲೆ ನಿಂತಿದೆ.

14 ಅಡಿಯ, ಅಗಲ ತಳದ, ಅಂಚು ತಗ್ಗಿರುವ ನಿಮ್ಮ ದೋಣಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ನೀರಿನಲ್ಲಿರುವ ಮಗುವನ್ನು ಎತ್ತಿಕೊಳ್ಳಲು ಎತ್ತರದ ಅಂಚು ಅಡ್ಡಿ, ತಗ್ಗು ಅಂಚು ಅನುಕೂಲ. ಟ್ರಾನ್ಸಂ ಸರಿಮಾಡಿಸಿ, ಹಳೆಯದರ ಹಾಗೆ ನೀರಿಗೆ ಎಣ್ಣೆ ಸುರಿಯದ ಹೊಸ ನಾಲ್ಕು ಸ್ಟ್ರೋಕ್ ಎಂಜಿನ್ ಹಾಕಿಸಿ, ಹಾಯಿ ಕಲಿಸುವ ಒಂದು ಕ್ಲಬ್ಬಿಗೆ ಕೊಡಿ. ಇದು ನನ್ನ ಸಲಹೆ. ಹೊಸ ಎಂಜಿನ್ 15 ಅಥವಾ 20 ಕುದುರೆಶಕ್ತಿಯದು ಸಾಕು. ಅದಕ್ಕಿಂತ ದೊಡ್ಡದರ ಆಸೆ ಬೇಡ, ನಾಲ್ಕು ಸ್ಟ್ರೋಕ್ ಎಂಜಿನ್ ಅದೇ ಶಕ್ತಿಯ ಹಳೆಯ ಎಂಜಿನ್ನಿಗಿಂತ ಭಾರ, ರಿಪೇರಿಯಾದ ಹಿಂಬದಿಗೆ ಹೆಚ್ಚು ತೂಕ ಹೇರಬಾರದು. ನೀರಿನಲ್ಲಿ ತೂಕ ಎಲ್ಲಿ ಕೂರುತ್ತದೆ ಅನ್ನುವುದನ್ನು ಈ ಕೆರೆ ಮರೆಯಲಾರದ ಹಾಗೆ ಕಲಿಸಿದೆ. 1990ರ ಮಾರ್ಚ್ 10ರಂದು ಬುದ್ಧನ ವಿಗ್ರಹ ಹೊತ್ತ ಬಾರ್ಜ್ ವಾಲಿ, 58 ಅಡಿಯ ಆ ಕಲ್ಲು ಜಾರಿ ಮುಳುಗಿತು, ಜೊತೆಯಲ್ಲಿದ್ದ ಹಲವರು ಜೀವ ಕಳೆದುಕೊಂಡರು. ವಿಗ್ರಹವನ್ನು ಮೇಲೆತ್ತಿ ನಿಲ್ಲಿಸಿದ್ದು 1992ರ ಡಿಸೆಂಬರಿನಲ್ಲಿ. ಟ್ಯಾಂಕ್‌ಬಂಡ್ ಮೇಲೆ ನಿಂತು ಬುದ್ಧನನ್ನು ನೋಡುವಾಗ ನನಗೆ ಮೊದಲು ನೆನಪಾಗುವುದು ಆ ಮನುಷ್ಯರು.

ಕಾಗದಪತ್ರದ ಕೆಲಸವೂ ಇದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರದಿಂದ ಓಡುವ ದೋಣಿಗೆ ತಪಾಸಣೆ, ನೋಂದಣಿ ಬೇಕು. ಕೆಲವರು ಇದನ್ನು ಕಿರುಕುಳ ಅನ್ನುತ್ತಾರೆ. 2019ರ ಸೆಪ್ಟೆಂಬರಿನಲ್ಲಿ ಗೋದಾವರಿಯ ಕಚ್ಚುಲೂರು ಬಳಿ ಪಾಪಿಕೊಂಡಲು ನೋಡಲು ಹೊರಟ ದೋಣಿ ಮುಳುಗಿ ಎಷ್ಟೋ ಮನೆಗಳು ಬರಿದಾದವು, ಅವರಲ್ಲಿ ಹೈದರಾಬಾದಿನವರೂ ಇದ್ದರು. ಅದಾದ ಮೇಲೂ ತಪಾಸಣೆ ಬೇಡ ಅನ್ನುವವರ ದೋಣಿಯಲ್ಲಿ ನಾನು ಕಾಲಿಡುವುದಿಲ್ಲ. ಕ್ಲಬ್ಬಿನ ಹೆಸರಿಗೆ ಹೋದರೆ ಈ ಕೆಲಸ ನಿಮಗಿಂತ ಅವರಿಗೆ ಸುಲಭ.

ನಿಮ್ಮ ಮಗಳ ಮಾತಿಗೆ ಬರುತ್ತೇನೆ. ಗಚ್ಚಿಬೌಲಿಯಿಂದ ಅವಳು ಫೋನ್ ಮಾಡಿದ್ದಳು. "ಅಂಕಲ್, ಅಜ್ಜನ ಎಂಜಿನ್ ಸದ್ದು ಒಂದು ಸಲ ಕೇಳಬೇಕು, ಅಷ್ಟೇ" ಅಂದಳು. ಅದನ್ನು ಕೇಳಿದಾಗಲೇ ನನಗೆ ಇನ್ನರ್ಧ ಉತ್ತರ ಸಿಕ್ಕಿತು. ಜಾನ್ಸನ್ನನ್ನು ಅವಳ ಕೈಯಿಂದಲೇ ಬಿಚ್ಚಿಸೋಣ. ಇಂಪೆಲ್ಲರ್, ಸೀಲ್, ಕಾರ್ಬುರೇಟರ್ ಕಿಟ್ ನಾನು ತರಿಸುತ್ತೇನೆ, ಮಲ್ಪೆಯವರು ವಿಡಿಯೋದಲ್ಲಿ ನೋಡಿ ಹೇಳಿಕೊಡಲು ಒಪ್ಪಿದ್ದಾರೆ. 200 ಲೀಟರಿನ ಡ್ರಮ್ಮಿನಲ್ಲಿ ಕಾಲಿಳಿಸಿ ಓಡಿಸಬಹುದು. ಪಕ್ಕದ ಸಣ್ಣ ತೂತಿನಿಂದ ನೀರು ಧಾರೆಯಾಗಿ ಹೊರಬಿದ್ದರೆ ಪಂಪು ಸರಿಯಿದೆ ಅಂತ ಲೆಕ್ಕ. ಡ್ರಮ್ಮಿನ ಎಣ್ಣೆ ನೀರನ್ನು ಮೋರಿಗೆ ಚೆಲ್ಲದೆ, ಮೇಲಿನ ಎಣ್ಣೆಯನ್ನು ಗ್ಯಾರೇಜಿನ ಹಳೆ ಎಣ್ಣೆಯ ಡಬ್ಬಕ್ಕೆ ತೆಗೆಯೋಣ. ಅವಳು ಎಂಜಿನಿಯರ್, ಆದರೆ ಎಂಜಿನ್ ಬಿಚ್ಚಿಲ್ಲವಂತೆ. ಕಲಿಯಲು ಇದಕ್ಕಿಂತ ಒಳ್ಳೆಯ ಯಂತ್ರ ಬೇರೆ ಇಲ್ಲ, ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಆಮೇಲೆ ಅವಳ ಬಾಲ್ಕನಿಯಲ್ಲೋ ನಿಮ್ಮ ಕಲಬುರಗಿಯ ಮನೆಯಲ್ಲೋ ಸ್ಟ್ಯಾಂಡಿನ ಮೇಲೆ ಇರಲಿ, ವರ್ಷಕ್ಕೊಮ್ಮೆ ಡ್ರಮ್ಮಿಗೆ ಇಳಿಯಲಿ.

ಖರ್ಚಿನ ಬಗ್ಗೆ ಸಂಕೋಚವಿಲ್ಲದೆ ಹೇಳುತ್ತೇನೆ. ಜಾನ್ಸನ್ನಿನ ಬಿಡಿಭಾಗಗಳಿಗೆ ಹೆಚ್ಚೇನೂ ಆಗದು. ಟ್ರಾನ್ಸಂ ಕೆಲಸಕ್ಕೆ ಸಾಮಾನಿಗಿಂತ ಕೂಲಿ ಹೆಚ್ಚು. ದೊಡ್ಡ ಮೊತ್ತ ಹೊಸ ಎಂಜಿನ್ನಿನದು, ಅದು ಉಳಿದೆಲ್ಲವನ್ನೂ ಸೇರಿಸಿದ್ದಕ್ಕಿಂತ ಹೆಚ್ಚು. ಎಲ್ಲಾ ಮಾಡಿದ ಮೇಲೆ ದೋಣಿಯನ್ನು ಮಾರಿದರೆ ಹಾಕಿದ ಹಣ ಬರುವುದಿಲ್ಲ, ಅದನ್ನು ತಿಳಿದೇ ಮುಂದುವರಿಯಬೇಕು. ಹೊಸ ಎಂಜಿನ್ ನಿಮ್ಮಿಂದ ಆಗದಿದ್ದರೆ ಒಡಲನ್ನು ಸರಿಮಾಡಿಸಿ ಹಾಗೇ ಕೊಡಿ, ಎಂಜಿನ್ನನ್ನು ಕ್ಲಬ್ಬಿನವರು ಹೊಂದಿಸಿಕೊಳ್ಳಬಹುದು. ಅವರ ಜೊತೆ ನಾನು ಇನ್ನೂ ಮಾತಾಡಿಲ್ಲ, ನಿಮ್ಮ ಒಪ್ಪಿಗೆ ಇಲ್ಲದೆ ಮಾತಾಡುವುದು ಸರಿಯಲ್ಲ.

ನಿಮ್ಮಿಂದ ಈಗ ಬೇಕಾದ್ದು ಎರಡು. ತಂದೆಯವರ ಟ್ರಂಕಿನಲ್ಲಿ ಟ್ರೇಲರಿನ ಆರ್‌ಸಿ ಪುಸ್ತಕವೂ, ದೋಣಿಯನ್ನು ಹರಾಜಿನಲ್ಲಿ ಕೊಂಡ ರಸೀದಿಯೂ ಇರಬೇಕು, ಹುಡುಕಿ. ರಸೀದಿ ಇಲ್ಲದಿದ್ದರೆ ನೋಂದಣಿ ಕಷ್ಟವಾದೀತು. ಮತ್ತೆ, ಮನೆ ಕೊಂಡವರಿಗೆ ಒಂದು ಮಾತು ಹೇಳಿ ಹದಿನೈದು ದಿನ ಹೆಚ್ಚು ಕೇಳಿ. ಅಷ್ಟರಲ್ಲಿ ಟ್ರೇಲರಿಗೆ ಟೈರು, ಬೇರಿಂಗ್ ಹಾಕಿಸಿ ದೋಣಿಯನ್ನು ನಮ್ಮ ಮನೆಯ ಹಿತ್ತಲಿಗೆ ಎಳೆಸಿಕೊಳ್ಳುತ್ತೇನೆ. ಜಾಗ ಇದೆ, ನನ್ನ ಹೆಂಡತಿಯೂ ಒಪ್ಪಿದ್ದಾಳೆ. ತಾಯಿಯವರಿಗೆ ನಮಸ್ಕಾರ ತಿಳಿಸಿ, ಅವರ ಮೊಣಕಾಲಿಗೆ ಹೇಗಿದೆ ಅಂತ ಬರೆಯಿರಿ.

ನಿಮ್ಮವ